ಕನ್ನಡ ತಾಣಕ್ಕೆ ಮುಕ್ತ ತಂತ್ರಾಂಶದ ಸಿಎಂಎಸ್ ಆರಿಸುವುದು ಹೇಗೆ

ಕೋಡ್ ಬರೆಯದೆ ತಾಣಕ್ಕೆ ಬರಹ ಏರಿಸಿ ತಿದ್ದಲು ನೆರವಾಗುವ ತಂತ್ರಾಂಶವೇ ಸಿಎಂಎಸ್. ಅವುಗಳಲ್ಲಿ ವರ್ಡ್‌ಪ್ರೆಸ್ ಒಳ್ಳೆಯದೋ ಡ್ರೂಪಲ್ ಒಳ್ಳೆಯದೋ ಎಂದು ಕೇಳಿದರೆ ನೇರ ಉತ್ತರ ಸಿಗದು. ನಿಮ್ಮ ಬಳಿ ಇರುವ ಬರಹ ಎಂಥದ್ದು, ಅದನ್ನು ಏರಿಸುವವರು ಯಾರು, ಎರಡು ವರ್ಷ ಕಳೆದ ಮೇಲೂ ಕೂತು ಅಪ್‌ಡೇಟ್ ಮಾಡುವವರು ಯಾರು ಎಂಬ ಮೂರು ಸಂಗತಿ ತಿಳಿದರೆ ಅರ್ಧ ಆಯ್ಕೆ ಮುಗಿದಂತೆ. ಉಳಿದರ್ಧ ಕನ್ನಡಕ್ಕೆ ಬಿಟ್ಟದ್ದು. ಇಂಗ್ಲಿಷ್ ತಾಣದಲ್ಲಿ ಸಲೀಸಾಗಿ ನಡೆಯುವ ಎಷ್ಟೋ ವ್ಯವಸ್ಥೆಗಳು ಕನ್ನಡದ ಉದ್ದನೆಯ ಶೀರ್ಷಿಕೆ, ಒತ್ತಕ್ಷರ, ವಿಭಕ್ತಿ ಪ್ರತ್ಯಯಗಳ ಎದುರು ಮುಗ್ಗರಿಸುತ್ತವೆ. ಇಲ್ಲಿರುವ ಸಲಹೆಗಳು ಸಾಹಿತ್ಯ ಪತ್ರಿಕೆ, ಶಾಲೆ, ಗ್ರಂಥಾಲಯ, ಹೊರನಾಡಿನ ಕನ್ನಡ ಕೂಟ ಇಂಥವರ ಸಣ್ಣ, ಮಧ್ಯಮ ಗಾತ್ರದ ತಾಣಗಳಿಗೆ.

ಮೊದಲು ಒಂದು ಹಾಳೆ

ಯಾವ ತಂತ್ರಾಂಶವನ್ನೂ ಇಳಿಸಿಕೊಳ್ಳುವ ಮೊದಲು, ತಾಣದಲ್ಲಿ ಏನೇನು ಇರುತ್ತದೆ ಎಂದು ಬರೆಯಿರಿ. ಲೇಖನ, ಕವಿತೆ, ಪುಸ್ತಕ ವಿಮರ್ಶೆ, ಕಾರ್ಯಕ್ರಮದ ದಿನಾಂಕ, ಫೋಟೊ, ಹಳೆಯ ಸಂಚಿಕೆಯ ಪಿಡಿಎಫ್. ಪ್ರತಿಯೊಂದರ ಮುಂದೆ ಅದಕ್ಕೆ ಬೇಕಾದ ಅಂಕಣಗಳನ್ನೂ (ತುಂಬಬೇಕಾದ ವಿವರಗಳನ್ನೂ) ಬರೆಯಿರಿ. ವಿಮರ್ಶೆಗಾದರೆ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಬೆಲೆ, ಪುಟ, ವಿಮರ್ಶಕರು ಬೇಕು. ಬರೀ ಲೇಖನಗಳೇ ಇದ್ದರೆ ಯಾವ ಸಿಎಂಎಸ್ ಆದರೂ ನಡೆದೀತು. ಐದಾರು ಬಗೆಯ ವಸ್ತುಗಳಿದ್ದು ಅವು ಒಂದಕ್ಕೊಂದು ಹೆಣೆದುಕೊಂಡಿದ್ದರೆ, ಅಂದರೆ ಲೇಖಕರ ಪುಟ ತೆರೆದರೆ ಅವರ ಕವಿತೆ, ಪುಸ್ತಕ, ಅವರ ಕುರಿತ ವಿಮರ್ಶೆ ಎಲ್ಲವೂ ತಾನಾಗಿ ಕಾಣಬೇಕಿದ್ದರೆ, ಆಯ್ಕೆ ಕಿರಿದಾಗುತ್ತದೆ.

ಹಳೆಯ ಬರಹಗಳು ಯಾವ ಸ್ಥಿತಿಯಲ್ಲಿವೆ ಎಂಬುದೂ ಅದೇ ಹಾಳೆಯಲ್ಲಿರಲಿ. ಮುದ್ರಣಕ್ಕೆಂದು ಪೇಜ್‌ಮೇಕರ್‌ನಲ್ಲಿ ನುಡಿ, ಶ್ರೀಲಿಪಿಯ ಹಳೆಯ ಆಸ್ಕಿ ಫಾಂಟ್ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟ್) ಬಳಸಿ ಮಾಡಿದ ಪುಟಗಳಾದರೆ, ಅವನ್ನು ಯೂನಿಕೋಡ್‌ಗೆ, ಅಂದರೆ ಕನ್ನಡಕ್ಕೇ ಮೀಸಲಾದ ಸಂಕೇತಗಳಿಗೆ, ಪರಿವರ್ತಿಸದೆ ಯಾವ ಸಿಎಂಎಸ್‌ಗೆ ಹಾಕಿದರೂ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅರ್ಕಾವತ್ತಿನಲ್ಲಿ. ಆಸ್ಕಿ ಪಠ್ಯದಲ್ಲಿ ಅದು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಿಸಿದ ಮೇಲೆ ‘ಧರ್ಮ’, ‘ಸೂರ್ಯ’, ‘ದೀರ್ಘ’, ‘ಕೀರ್ತಿ’ ಇಂಥ ಪದಗಳನ್ನು ಹುಡುಕಿ ನೋಡಿ. ಈ ಕೆಲಸ ಸಿಎಂಎಸ್ ಅಳವಡಿಸುವುದಕ್ಕಿಂತ ದೊಡ್ಡದಾಗಿರುವುದೇ ಹೆಚ್ಚು. ಅದಕ್ಕೆ ಬೇಕಾದ ಸಮಯವನ್ನು ಬೇರೆಯೇ ಲೆಕ್ಕ ಹಾಕಿ.

ಪರವಾನಗಿ ಓದಿ

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಪರವಾನಗಿ ಇದ್ದರೆ ಅದು ಮುಕ್ತ ತಂತ್ರಾಂಶ. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಮೂರೂ ಜಿಪಿಎಲ್ ಎಂಬ ಅಂಥ ಪರವಾನಗಿಯ ಅಡಿಯಲ್ಲಿವೆ. ಘೋಸ್ಟ್ ಮತ್ತು ಗ್ರಾವ್ ಎಂಐಟಿ ಪರವಾನಗಿಯವು, ಹ್ಯೂಗೊ ಅಪಾಚೆ 2.0. ಇವುಗಳಲ್ಲಿ ಯಾವುದನ್ನು ಹಿಡಿದರೂ ಚಿಂತೆಯಿಲ್ಲ. ಗೊಂದಲವಾಗುವುದು ‘ಕೋಡ್ ನೋಡಬಹುದು, ಆದರೆ ಷರತ್ತು ಅನ್ವಯ’ ಎನ್ನುವವುಗಳಲ್ಲಿ. ಡೈರೆಕ್ಟಸ್ ಎಂಬ ಸಿಎಂಎಸ್ 2023ರಲ್ಲಿ ಜಿಪಿಎಲ್ ಬಿಟ್ಟು ಬಿಸಿನೆಸ್ ಸೋರ್ಸ್ ಪರವಾನಗಿಗೆ ಹೋಯಿತು. ಕೋಡ್ ಕಣ್ಣಿಗೆ ಕಾಣುತ್ತದೆ, ಆದರೆ ಅದು ಮುಕ್ತ ತಂತ್ರಾಂಶವಲ್ಲ. ಸ್ಟ್ರಾಪಿ ಎಂಬ ಇನ್ನೊಂದರಲ್ಲಿ ಮೂಲಭಾಗ ಎಂಐಟಿ, ಕೆಲವು ಸೌಲಭ್ಯಗಳು ಮಾತ್ರ ವಾಣಿಜ್ಯ ಪರವಾನಗಿಯವು.

ಇನ್ನೊಂದು ಮಾತು. ವರ್ಡ್‌ಪ್ರೆಸ್ ಡಾಟ್ ಕಾಂ ಎಂಬುದು ಒಂದು ಕಂಪನಿ ನಡೆಸುವ ಸೇವೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ, ಅದನ್ನು ಯಾವ ಹೋಸ್ಟಿಂಗ್‌ನಲ್ಲಿ (ತಾಣ ಇಡಲು ಬಾಡಿಗೆಗೆ ಸಿಗುವ ಸರ್ವರ್ ಜಾಗದಲ್ಲಿ) ಬೇಕಾದರೂ ಹಾಕಿಕೊಳ್ಳಬಹುದು. ಈ ಲೇಖನದಲ್ಲಿ ವರ್ಡ್‌ಪ್ರೆಸ್ ಎಂದರೆ ಎರಡನೆಯದು.

ಯಾರಿಗೆ ಯಾವುದು

ದಿನವೋ ವಾರಕ್ಕೊಮ್ಮೆಯೋ ಲೇಖನ ಹಾಕುವ ತಾಣ, ತಂತ್ರಜ್ಞಾನ ಅಷ್ಟಾಗಿ ಗೊತ್ತಿಲ್ಲದ ಸಂಪಾದಕರು, ಒಂದೇ ಸರ್ವರನ್ನು ಹಲವು ತಾಣಗಳು ಹಂಚಿಕೊಳ್ಳುವ ಕಡಿಮೆ ದುಡ್ಡಿನ ಹಂಚಿಕೆ ಹೋಸ್ಟಿಂಗ್: ಇಷ್ಟಿದ್ದರೆ ವರ್ಡ್‌ಪ್ರೆಸ್ ಸಾಕು. 2003ರಲ್ಲಿ ಬ್ಲಾಗ್ ತಂತ್ರಾಂಶವಾಗಿ ಹುಟ್ಟಿದ್ದು, ಇಂದಿಗೂ ಅದರ ಬಲ ಅಲ್ಲೇ ಇದೆ. ಗೊತ್ತಿರುವವರು ಊರೂರಿನಲ್ಲೂ ಸಿಗುತ್ತಾರೆ ಎಂಬುದು ಸಣ್ಣ ಮಾತಲ್ಲ. ಆದರೆ ಒಂದು ತೊಡಕು ಮೊದಲೇ ತಿಳಿದಿರಲಿ. ಬರಹಗಾರರಿಗೆ ‘ಕಾಂಟ್ರಿಬ್ಯೂಟರ್’ ದರ್ಜೆ ಕೊಟ್ಟರೆ ಅವರು ಕರಡು ಬರೆಯಬಹುದು, ಪ್ರಕಟಿಸಲಾರರು, ಇದು ಸರಿ. ಆದರೆ ಅವರು ಚಿತ್ರವನ್ನೂ ಏರಿಸಲಾರರು. ‘ಆಥರ್’ ದರ್ಜೆ ಕೊಟ್ಟರೆ ಚಿತ್ರ ಏರಿಸುತ್ತಾರೆ, ಜೊತೆಗೆ ಸಂಪಾದಕರನ್ನು ಕೇಳದೆ ಪ್ರಕಟಿಸಲೂ ಬಲ್ಲರು. ಇವೆರಡರ ನಡುವಿನ ದರ್ಜೆ ಬೇಕೆಂದರೆ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಸೇರ್ಪಡೆ) ಹಾಕಬೇಕು.

ಕರಡು, ಪರಿಶೀಲನೆ, ಪ್ರಕಟಣೆ ಎಂಬ ಹಂತಗಳು, ಅಂಕಣಗಳ ಹೆಣಿಗೆ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರತಿ ಪುಟ ಬೇಕಾದಲ್ಲಿ ಡ್ರೂಪಲ್ ಮೇಲುಗೈ. 2015ರಲ್ಲಿ ಬಂದ 8ನೆಯ ಆವೃತ್ತಿಯಿಂದ ಬಹುಭಾಷೆಯ ನಾಲ್ಕು ಮಾಡ್ಯೂಲ್‌ಗಳು (ಡ್ರೂಪಲ್‌ನಲ್ಲಿ ಸೇರ್ಪಡೆಗಳ ಹೆಸರು) ಮೂಲ ತಂತ್ರಾಂಶದಲ್ಲೇ ಇವೆ. ವರ್ಡ್‌ಪ್ರೆಸ್‌ನಲ್ಲಿ ಇದೇ ಕೆಲಸಕ್ಕೆ ಪಾಲಿಲ್ಯಾಂಗ್‌ನಂಥ ಪ್ಲಗಿನ್ ಬೇಕು. ಡ್ರೂಪಲ್ ಕೇಳುವ ಬೆಲೆ ಕಲಿಕೆಯದು. ಇಂದಿನ ಡ್ರೂಪಲ್ ನಡೆಸಲು ಕಂಪೋಸರ್ (ತಂತ್ರಾಂಶದ ಭಾಗಗಳನ್ನು ಆಜ್ಞೆ ಕೊಟ್ಟು ಇಳಿಸುವ ಸಾಧನ) ಗೊತ್ತಿರಬೇಕು, ಸರ್ವರ್‌ಗೆ ಎಸ್‌ಎಸ್‌ಎಚ್ ಪ್ರವೇಶ (ದೂರದಿಂದಲೇ ಆಜ್ಞೆ ಕೊಡುವ ಸುರಕ್ಷಿತ ದಾರಿ) ಬೇಕು. 2025ರ ಜನವರಿಯಲ್ಲಿ ಬಂದ ‘ಡ್ರೂಪಲ್ ಸಿಎಂಎಸ್’ ಎಂಬ ಸಿದ್ಧ ರೂಪ ಆರಂಭವನ್ನು ಹಗುರ ಮಾಡಿದೆ, ನಿರ್ವಹಣೆಯನ್ನಲ್ಲ.

ಜೂಮ್ಲಾ ಇವೆರಡರ ನಡುವೆ ನಿಲ್ಲುತ್ತದೆ. ಬಹುಭಾಷೆ, ಅನುಮತಿ ದರ್ಜೆಗಳು ಮೂಲದಲ್ಲೇ ಇವೆ, ಹಂಚಿಕೆ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಅದನ್ನು ಬಲ್ಲವರು ನಿಮ್ಮ ಬಳಗದಲ್ಲಿ ಈಗಾಗಲೇ ಇದ್ದರೆ ಖಂಡಿತ ತೆಗೆದುಕೊಳ್ಳಿ. ಇಲ್ಲದಿದ್ದರೆ ಹುಡುಕುವುದು ಕಷ್ಟ.

ಓದುಗರಿಂದ ಚಂದಾ ಪಡೆದು ಇಮೇಲ್‌ನಲ್ಲಿ ಬರಹ ಕಳಿಸುವ ಯೋಜನೆಯಿದ್ದರೆ ಘೋಸ್ಟ್ ನೋಡಿ. ಆದರೆ ಅದು ಮೇಲಿನ ಮೂರೂ ಓಡುವ ಪಿಎಚ್‌ಪಿ ಹೋಸ್ಟಿಂಗ್‌ನಲ್ಲಿ ಓಡುವುದಿಲ್ಲ. ನೋಡ್‌ಜೆಎಸ್ ಮತ್ತು ಮೈಎಸ್‌ಕ್ಯೂಎಲ್ 8 ಡೇಟಾಬೇಸ್ ಇರುವ, ಕನಿಷ್ಠ 1 ಜಿಬಿ ಮೆಮೊರಿಯ ಸ್ವಂತ ಸರ್ವರ್ ಬೇಕು, ಸುದ್ದಿಪತ್ರ ಕಳಿಸಲು ಮೇಲ್‌ಗನ್ ಸೇವೆಯನ್ನೂ ಜೋಡಿಸಬೇಕು.

ವರ್ಷಕ್ಕೆ ಹತ್ತಿಪ್ಪತ್ತು ಪುಟ ಮಾತ್ರ ಬದಲಾಗುವ ಶಾಲೆಯ ಅಥವಾ ಟ್ರಸ್ಟಿನ ತಾಣಕ್ಕೆ ಡೇಟಾಬೇಸೇ ಬೇಡ. ಹ್ಯೂಗೊದಲ್ಲಿ ಪುಟ ತಯಾರಿಸಿ ಬರೀ ಎಚ್‌ಟಿಎಂಎಲ್ ಕಡತಗಳನ್ನು ಏರಿಸಿದರೆ, ಕನ್ನ ಹಾಕಲು ಲಾಗಿನ್ ಪುಟವೇ ಇರುವುದಿಲ್ಲ. ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಶೀರ್ಷಿಕೆ, ಕೊಂಡಿ ಗುರುತಿಸುವ ರೀತಿ) ಬರೆಯಬಲ್ಲ ಒಬ್ಬರಾದರೂ ಇರಬೇಕು, ಅಷ್ಟೆ.

ಹಳೆಯ ಸಂಚಿಕೆ, ಹಸ್ತಪ್ರತಿ, ಶಾಸನದ ಚಿತ್ರಗಳ ಸಂಗ್ರಹವಾದರೆ ಮೇಲಿನ ಯಾವುದನ್ನೂ ಬಗ್ಗಿಸಲು ಹೋಗಬೇಡಿ. ಅದಕ್ಕೆಂದೇ ಒಮೆಕಾ ಇದೆ, ಗ್ರಂಥಾಲಯಗಳಿಗೆ ಡಿಸ್ಪೇಸ್ ಇದೆ. ಹಲವರು ಸೇರಿ ಒಂದೇ ಪುಟವನ್ನು ತಿದ್ದುತ್ತಾ ಹೋಗುವ ಕೋಶದಂಥ ಕೆಲಸಕ್ಕೆ ಕನ್ನಡ ವಿಕಿಪೀಡಿಯ ಓಡುವ ಮೀಡಿಯಾವಿಕಿಯೇ ತಕ್ಕದ್ದು. ಅದರ ಭಾಷಾ ಆಯ್ಕೆಯ ವಿಸ್ತರಣೆ ಹಾಕಿದರೆ ಕನ್ನಡ ಟೈಪಿಂಗ್ ತಾಣದೊಳಗೇ ಬರುತ್ತದೆ.

ಕನ್ನಡ ಹಾಕಿ ನೋಡುವ ಪರೀಕ್ಷೆ

ಎರಡು ಹೆಸರು ಉಳಿದ ಮೇಲೆ ಎರಡನ್ನೂ ಅಳವಡಿಸಿ. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಬ್ರೌಸರಿನೊಳಗೇ ಓಡುತ್ತದೆ, ಏನೂ ಇಳಿಸಿಕೊಳ್ಳಬೇಕಿಲ್ಲ. ಪಿಎಚ್‌ಪಿಯಲ್ಲಿ ಓಡುವ ಉಳಿದವಕ್ಕೆ, ನಿಮ್ಮ ಕಂಪ್ಯೂಟರನ್ನೇ ಸರ್ವರ್‌ನಂತೆ ಮಾಡುವ ಜಾಂಪ್ ಅಥವಾ ಡಿಡೆವ್ ಸಾಕು. ಮಾದರಿ ಪಠ್ಯ ಬೇಡ. ನಿಮ್ಮದೇ ಹತ್ತು ಬರಹ ಹಾಕಿ: ಅತಿ ಉದ್ದದ ಶೀರ್ಷಿಕೆಯದು ಒಂದು, ಕವಿತೆ ಒಂದು, ಅಡಿಟಿಪ್ಪಣಿ ಇರುವ ಲೇಖನ ಒಂದು, ಕೋಷ್ಟಕ ಇರುವುದು ಒಂದು ಹೀಗೆ. ಆಮೇಲೆ ಕೆಳಗಿನವನ್ನು ಒಂದೊಂದಾಗಿ ನೋಡುತ್ತಾ ಹೋಗಿ.

ವಿಳಾಸ. ಮೊದಲು ಮುರಿಯುವುದು ಇಲ್ಲಿ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ಪುಟದ ವಿಳಾಸ ಮಾಡುತ್ತದೆ, ಆ ವಿಳಾಸ ಕೂರುವ ಡೇಟಾಬೇಸ್ ಅಂಕಣದಲ್ಲಿರುವುದು 200 ಸ್ಥಾನ. ಕನ್ನಡದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ (ಯೂನಿಕೋಡ್ ಪಠ್ಯವನ್ನು ಉಳಿಸುವ ರೀತಿ) 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ, ಎರಡು ಅಂಕಿ-ಅಕ್ಷರ ಸೇರಿ 3 ಸ್ಥಾನ. ಅಲ್ಲಿಗೆ ಒಂದು ಸಂಕೇತಕ್ಕೆ 9 ಸ್ಥಾನ. ಕಾಗುಣಿತ ಚಿಹ್ನೆ, ಹಲಂತ ಎಲ್ಲವೂ ಬೇರೆ ಬೇರೆ ಸಂಕೇತಗಳೇ. ಆದ್ದರಿಂದ ಇಡೀ ವಿಳಾಸಕ್ಕೆ ಸಿಗುವುದು 22 ಸಂಕೇತ. ‘ಬೇಂದ್ರೆಯವರ ಕಾವ್ಯದಲ್ಲಿ ಶ್ರಾವಣ’ ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ಮೊದಲ ಪದದಲ್ಲಿ 10 ಸಂಕೇತ, ಎರಡನೆಯದರಲ್ಲಿ 10. ನಡುವಿನ ಗೆರೆಗಳೆರಡೂ ಸೇರಿ 182 ಸ್ಥಾನ ಮುಗಿಯಿತು. ಉಳಿದ 18ರಲ್ಲಿ ‘ಶ’ ಮತ್ತು ಹಲಂತ ಮಾತ್ರ ಹಿಡಿಸುತ್ತವೆ. ವಿಳಾಸ ‘ಬೇಂದ್ರೆಯವರ-ಕಾವ್ಯದಲ್ಲಿ-ಶ್’ ಎಂದು ನಿಂತುಬಿಡುತ್ತದೆ. ಅದನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಎರಡು ಮೂರು ಸಾಲು ಶೇಕಡಾ ಚಿಹ್ನೆಗಳ ಸಾಲು. ಮುದ್ರಿತ ಪತ್ರಿಕೆಯಲ್ಲಿ ಕೊಡುವಂತೆಯೇ ಇಲ್ಲ.

ಪರಿಹಾರ ಸುಲಭವಿದೆ, ಶಿಸ್ತು ಬೇಕು: ಪ್ರಕಟಿಸುವ ಮೊದಲೇ ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮೂರು ನಾಲ್ಕು ಪದ ಕೈಯಾರೆ ಬರೆಯಬೇಕು. ಡ್ರೂಪಲ್‌ನಲ್ಲಿ ಪಾತ್‌ಆಟೊ ಮಾಡ್ಯೂಲ್ ಲಿಪ್ಯಂತರ ಮಾಡಿಕೊಡುತ್ತದೆ. ಓದಲು ಒರಟು, ಆದರೆ ಮುರಿಯುವುದಿಲ್ಲ. ಜೂಮ್ಲಾದ ಒಟ್ಟಾರೆ ಸಂಯೋಜನೆಯಲ್ಲಿ ಯೂನಿಕೋಡ್ ಏಲಿಯಾಸ್ ಎಂಬ ಆಯ್ಕೆಯಿದೆ, ಅದನ್ನು ಎರಡೂ ರೀತಿ ಇಟ್ಟು ನೋಡಿ. ಹ್ಯೂಗೊದಲ್ಲಿ ಕಡತಕ್ಕೆ ನೀವಿಟ್ಟ ಹೆಸರನ್ನೇ ವಿಳಾಸವಾಗಿಸಬಹುದು. ಚಿತ್ರಗಳ ಕಡತಕ್ಕೂ ಇದೇ ನಿಯಮ ಇರಲಿ. ಕನ್ನಡ ಹೆಸರಿನ ಚಿತ್ರಗಳು ಇಂದು ಕಾಣುತ್ತವೆ. ಹೋಸ್ಟಿಂಗ್ ಬದಲಿಸಲು ಜಿಪ್ ಮಾಡಿ ಬಿಚ್ಚಿದಾಗ ಹೆಸರುಗಳು ಕೆಟ್ಟು ಚಿತ್ರಗಳು ಮಾಯವಾಗುವುದುಂಟು.

ಹುಡುಕಾಟ. ‘ಮೈಸೂರಿನ’, ‘ಮೈಸೂರಿಗೆ’ ಎಂದಿರುವ ಲೇಖನಗಳನ್ನು ‘ಮೈಸೂರು’ ಎಂದು ಹುಡುಕಿ. ವರ್ಡ್‌ಪ್ರೆಸ್ ಪಠ್ಯದ ತುಣುಕನ್ನು ಹೋಲಿಸುವುದರಿಂದ ‘ಮೈಸೂರು’ ಎಂದರೆ ಅವು ಸಿಗವು, ‘ಮೈಸೂರ’ ಎಂದರೆ ಎಲ್ಲವೂ ಸಿಗುತ್ತವೆ. ಡ್ರೂಪಲ್‌ನ ಮೂಲ ಹುಡುಕಾಟ ಇಡೀ ಪದಗಳನ್ನೇ ಹೋಲಿಸುತ್ತದೆ, ಹಾಗಾಗಿ ‘ಮೈಸೂರ’ ಎಂದರೂ ಸಿಗುವುದಿಲ್ಲ. ವಿಭಕ್ತಿ ಹತ್ತುವ ನಮ್ಮ ಭಾಷೆಗೆ ಇಲ್ಲಿ ಹಳೆಯ ಒರಟು ವಿಧಾನವೇ ವಾಸಿ. ದೊಡ್ಡ ಸಂಗ್ರಹವಾದರೆ ಡ್ರೂಪಲ್‌ಗೆ ಸರ್ಚ್ ಎಪಿಐ ಮಾಡ್ಯೂಲ್, ಸೋಲರ್ ಎಂಬ ಪ್ರತ್ಯೇಕ ಹುಡುಕಾಟ ತಂತ್ರಾಂಶ ಜೋಡಿಸಿ.

ಇದರ ಜೊತೆಗೇ ಕಣ್ಣಿಗೆ ಕಾಣದ ಒಂದು ತೊಂದರೆಯಿದೆ. ‘ರಾಜ್‌ಕುಮಾರ್’ ಎಂದು ಬರೆಯಲು ಜಕಾರದ ನಂತರ ಶೂನ್ಯ ಅಗಲದ ಒಂದು ಸಂಕೇತ ಹಾಕುತ್ತೇವೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ‘ರಾಜ್ಕುಮಾರ್’ ಎಂದು ಬರೆದಿದ್ದರೆ ಕಂಪ್ಯೂಟರಿಗೆ ಅವೆರಡೂ ಬೇರೆ ಪದ. ಪಿಡಿಎಫ್‌ನಿಂದ ನಕಲಿಸಿದ ಪಠ್ಯದಲ್ಲಿ ಓಕಾರ ಒಂದೇ ಸಂಕೇತವಾಗದೆ ಎರಡು ಮೂರು ಚೂರಾಗಿ ಬಂದಿರುವುದೂ ಉಂಟು. ನೋಡಲು ಎರಡೂ ಒಂದೇ, ಹುಡುಕಿದರೆ ಸಿಗುವುದಿಲ್ಲ. ಪಠ್ಯವನ್ನು ಏರಿಸುವ ಮೊದಲು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಚೂರುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ರೂಪ) ತರುವ ಸಣ್ಣ ಸ್ಕ್ರಿಪ್ಟ್ ಬರೆಸಿಕೊಂಡರೆ ಈ ಚೂರುಗಳ ಸಮಸ್ಯೆ ಹೋಗುತ್ತದೆ. ಶೂನ್ಯ ಅಗಲದ ಸಂಕೇತಕ್ಕೆ ಮಾತ್ರ ಅದು ಮದ್ದಲ್ಲ. ಬರೆಯುವ ಪದ್ಧತಿಯನ್ನೇ ಒಂದು ಮಾಡಿಕೊಳ್ಳಬೇಕು.

ಅಕ್ಷರದ ಚೆಲುವು. ಥೀಮ್ (ತಾಣದ ಸಿದ್ಧ ವಿನ್ಯಾಸ) ಪುಟದಲ್ಲಿ ತೋರಿಸುವ ಚಂದದ ಫಾಂಟಿನಲ್ಲಿ ಕನ್ನಡ ಇರುವುದಿಲ್ಲ. ಆಗ ಓದುಗರ ಯಂತ್ರದಲ್ಲಿರುವುದು ಬರುತ್ತದೆ: ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡ್‌ನಲ್ಲಿ ನೋಟೊ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೊ ಕನ್ನಡ ಎಲ್ಲವೂ ಮುಕ್ತ ಪರವಾನಗಿಯಲ್ಲಿವೆ, ಕಡತವನ್ನು ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಬಹುದು. ತಿರೊ ಕನ್ನಡದಲ್ಲಿ ದಪ್ಪಕ್ಷರ ಇಲ್ಲ. ಶೀರ್ಷಿಕೆಗೆ ದಪ್ಪ ಕೊಟ್ಟರೆ ಬ್ರೌಸರ್ ತಾನೇ ಮಸಿ ಬಳಿದು ಅಕ್ಷರದ ಒಳಗಣ್ಣು ಮುಚ್ಚುತ್ತದೆ. ಆ ಫಾಂಟ್ ಬೇಕಾದರೆ ಶೀರ್ಷಿಕೆಗೆ ಸಾದಾ ತೂಕವನ್ನೇ ಇಡಿ.

ಸಾಲಿನ ಎತ್ತರ ಇಂಗ್ಲಿಷ್ ಥೀಮ್‌ನ ಶೀರ್ಷಿಕೆಗಳಲ್ಲಿ 1.1, 1.2 ಇರುತ್ತದೆ. ‘ರಾಷ್ಟ್ರೀಯ ಸ್ವಾತಂತ್ರ್ಯ’ ಎಂದು ಎರಡು ಸಾಲಿನ ಶೀರ್ಷಿಕೆಯಲ್ಲಿ ಬರುವಂತೆ ಬರೆದು ನೋಡಿ, ಒತ್ತಿನ ಕೆಳಗಿನ ಒತ್ತು ಮುಂದಿನ ಸಾಲಿಗೆ ಬಡಿಯುತ್ತದೆ ಇಲ್ಲವೇ ಕತ್ತರಿಸಿ ಹೋಗುತ್ತದೆ. ಶೀರ್ಷಿಕೆಗೆ 1.4, ಪಠ್ಯಕ್ಕೆ 1.7ರ ಸುಮಾರು ಇರಲಿ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆ ಮಾಡಿ. ಆರಂಭದ ದೊಡ್ಡಕ್ಷರ ಇರುವ ಥೀಮ್ ಆದರೆ ‘ಸ್ವಾತಂತ್ರ್ಯ’ದಿಂದ ಶುರುವಾಗುವ ಪ್ಯಾರಾ ಹಾಕಿ, ‘ಸ್’ ದೊಡ್ಡದಾಗಿ ‘ವಾ’ ಚಿಕ್ಕದಾಗಿ ಒಡೆದರೆ ಆ ಸೌಲಭ್ಯವನ್ನೇ ತೆಗೆಯಿರಿ. ಮುಖಪುಟದಲ್ಲಿ ಬರುವ ಸಾರಾಂಶವನ್ನು ಪದದ ಲೆಕ್ಕದಲ್ಲಿ ಕತ್ತರಿಸುತ್ತದೋ ಅಕ್ಷರದ ಲೆಕ್ಕದಲ್ಲೋ ಎಂಬುದನ್ನೂ ಗಮನಿಸಿ. ಎರಡನೆಯದಾದರೆ ಕೊನೆಯ ಪದ ಕಾಗುಣಿತ ಕಳೆದುಕೊಂಡು ನಿಲ್ಲುತ್ತದೆ.

ಕನ್ನಡ ಅನುವಾದ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಓದುಗರಿಗೆ ಕಾಣುವ ಭಾಗ ಮಾತ್ರ ನೋಡಿ: ದಿನಾಂಕ, ‘ಮುಂದೆ ಓದಿ’, ಪ್ರತಿಕ್ರಿಯೆಯ ಅರ್ಜಿ, ಪುಟ ಸಿಗದಾಗಿನ ಸಂದೇಶ. ಮೂಲ ತಂತ್ರಾಂಶ ಕನ್ನಡದಲ್ಲಿದ್ದರೂ ಪ್ಲಗಿನ್‌ಗಳು ಇಂಗ್ಲಿಷ್‌ನಲ್ಲೇ ಉಳಿಯುವುದು ಮಾಮೂಲು. ಇಂಥ ಇಪ್ಪತ್ತು ಮೂವತ್ತು ವಾಕ್ಯಗಳನ್ನು ನೀವೇ ಅನುವಾದಿಸಬಹುದು. ಆಡಳಿತ ಪುಟಗಳನ್ನು ಇಂಗ್ಲಿಷ್‌ನಲ್ಲೇ ಬಿಡುವುದು ಲೇಸು. ಅಡಚಣೆ ಬಂದಾಗ ಸಹಾಯ ಹುಡುಕಲು ಆ ಪದಗಳೇ ಬೇಕು.

ತಾಣವನ್ನು ಯಾರು ಕಾಯುತ್ತಾರೆ?

ವರ್ಡ್‌ಪ್ರೆಸ್ 2013ರ 3.7ರಿಂದ ಸಣ್ಣ ಭದ್ರತಾ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುತ್ತದೆ. ಡ್ರೂಪಲ್‌ನಲ್ಲಿ ಕಂಪೋಸರ್ ಆಜ್ಞೆ ಕೊಟ್ಟು, ಡೇಟಾಬೇಸ್ ನವೀಕರಿಸಿ, ಕ್ಯಾಷ್ (ವೇಗಕ್ಕೆಂದು ಉಳಿಸಿಟ್ಟ ನಕಲುಗಳು) ತೆರವು ಮಾಡುವವರು ಬೇಕು. ಅದರ ಭದ್ರತಾ ಪ್ರಕಟಣೆಗಳು ಬುಧವಾರ ಬರುತ್ತವೆ, ನಮ್ಮಲ್ಲಿ ಆಗ ರಾತ್ರಿ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಒಂದು ದೋಷ ಪ್ರಕಟವಾದಾಗ, 7 ಗಂಟೆಯೊಳಗೆ ಸರಿಪಡಿಸದ ತಾಣಗಳೆಲ್ಲ ಪರರ ವಶವಾಗಿವೆ ಎಂದೇ ತಿಳಿಯಿರಿ ಎಂದು ಅದರ ಭದ್ರತಾ ತಂಡವೇ ನಂತರ ಎಚ್ಚರಿಸಿತು. ರಾತ್ರೋರಾತ್ರಿ ಕೂರಬಲ್ಲವರು ಇಲ್ಲವಾದರೆ, ಆ ಹೊಣೆ ಹೊರುವ ಹೋಸ್ಟಿಂಗ್ ತೆಗೆದುಕೊಳ್ಳಿ ಇಲ್ಲವೇ ಡ್ರೂಪಲ್ ಬಿಡಿ.

ಆವೃತ್ತಿಯ ಆಯುಷ್ಯವನ್ನೂ ನೋಡಿ. ಡ್ರೂಪಲ್ 7ರ ಬೆಂಬಲ 2025ರ ಜನವರಿ 5ಕ್ಕೆ, ಜೂಮ್ಲಾ 3ರದು 2023ರ ಆಗಸ್ಟ್‌ಗೆ ಮುಗಿದಿದೆ. ‘ತಾಣ ಸಿದ್ಧವಿದೆ, ಕಡಿಮೆ ಬೆಲೆಗೆ ಕೊಡುತ್ತೇವೆ’ ಎಂದು ಯಾರಾದರೂ ಇವುಗಳ ಮೇಲೆ ಕಟ್ಟಿದ್ದನ್ನು ತಂದರೆ ಬೇಡ ಎನ್ನಿ.

ವರ್ಡ್‌ಪ್ರೆಸ್‌ಗೆ ಕಾಟ ಬರುವುದು ಹೆಚ್ಚಾಗಿ ಪ್ಲಗಿನ್‌ಗಳ ದಾರಿಯಲ್ಲಿ. ಪ್ಲಗಿನ್ ಪುಟದಲ್ಲಿ ಕೊನೆಯ ಅಪ್‌ಡೇಟ್ ಯಾವಾಗ ಎಂದು ನೋಡಿ. ಇತ್ತೀಚಿನ 3 ಪ್ರಮುಖ ಆವೃತ್ತಿಗಳಲ್ಲಿ ಪರೀಕ್ಷಿಸಿಲ್ಲ ಎಂಬ ಹಳದಿ ಪಟ್ಟಿ ಕಂಡರೆ ಮುಂದೆ ಹೋಗಿ. ಡ್ರೂಪಲ್ ಮಾಡ್ಯೂಲ್ ಪುಟದಲ್ಲಿ ಭದ್ರತಾ ತಂಡದ ಗುರಾಣಿ ಚಿಹ್ನೆ ಇರಬೇಕು. ದುಡ್ಡು ಕೊಡಬೇಕಾದ ಥೀಮ್‌ಗಳನ್ನು ಪುಕ್ಕಟೆ ಹಂಚುವ ತಾಣಗಳ ಕಡೆ ತಲೆ ಹಾಕಬೇಡಿ, ಅವುಗಳೊಳಗೆ ಹಿಂಬಾಗಿಲು ಇಟ್ಟಿರುತ್ತಾರೆ. ಹತ್ತು ಪ್ಲಗಿನ್ ದಾಟಿತೆಂದರೆ ಒಮ್ಮೆ ನಿಂತು ಯೋಚಿಸಿ: ಬೇರೆ ಸಿಎಂಎಸ್‌ನ ಕೆಲಸವನ್ನು ಇದರಿಂದ ಮಾಡಿಸುತ್ತಿದ್ದೀರೇನೋ.

ಹೊರಬರುವ ದಾರಿ

ಒಳಗೆ ಹೋಗುವ ಮೊದಲೇ ಹೊರಬರುವುದನ್ನು ಪರೀಕ್ಷಿಸಿ. ವರ್ಡ್‌ಪ್ರೆಸ್‌ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದರೆ ಎಲ್ಲ ಬರಹ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರುತ್ತದೆ, ಚಿತ್ರಗಳು ಬರುವುದಿಲ್ಲ, ಅವುಗಳ ಕೊಂಡಿ ಮಾತ್ರ. ಚಿತ್ರಗಳ ಫೋಲ್ಡರನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಹ್ಯೂಗೊದಲ್ಲಿ ಬರಹವೆಲ್ಲ ಮೊದಲಿಂದಲೂ ನಿಮ್ಮ ಕಂಪ್ಯೂಟರಿನಲ್ಲೇ ಕಡತಗಳಾಗಿರುತ್ತವೆ, ಈ ಚಿಂತೆಯಿಲ್ಲ.

ಎಳೆದು ಬಿಟ್ಟು ಪುಟ ಕಟ್ಟುವ ಪೇಜ್ ಬಿಲ್ಡರ್‌ಗಳಲ್ಲಿ ಜೋಪಾನ. ಡಬ್ಲ್ಯೂಪಿ ಬೇಕರಿಯಂಥವು ಲೇಖನದ ನಡುವೆಯೇ ಚೌಕ ಆವರಣದ ಸಂಕೇತಗಳನ್ನು ಸೇರಿಸುತ್ತವೆ, ಮುಂದೆ ಅದನ್ನು ತೆಗೆದರೆ ಪ್ರತಿ ಲೇಖನದಲ್ಲೂ ಆ ಸಂಕೇತಗಳು ಉಳಿಯುತ್ತವೆ. ಮುಖಪುಟಕ್ಕೆ ಬೇಕಾದರೆ ಬಳಸಿ, ಲೇಖನಗಳಿಗೆ ಬೇಡ.

ಬ್ಯಾಕಪ್ ಎಂದರೆ ಡೇಟಾಬೇಸ್ ಮತ್ತು ಕಡತಗಳು ಎರಡೂ, ಅದೂ ಅದೇ ಹೋಸ್ಟಿಂಗ್‌ನಲ್ಲಿ ಅಲ್ಲ, ಬೇರೆ ಕಡೆ. ಪ್ರಯೋಗದ ಹಂತದಲ್ಲೇ ಒಮ್ಮೆ ಇನ್ನೊಂದು ಜಾಗದಲ್ಲಿ ಮರುಸ್ಥಾಪಿಸಿ ನೋಡಿ. ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಂದರೆ, ಡೇಟಾಬೇಸನ್ನು ಹೊರತೆಗೆಯುವಾಗಲೋ ಒಳಹಾಕುವಾಗಲೋ ಅಕ್ಷರಸಂಕೇತ ತಪ್ಪಿದೆ ಎಂದರ್ಥ. ಎರಡೂ ಕಡೆ ಯುಟಿಎಫ್8ಎಂಬಿ4 ಎಂದು ಗೊತ್ತುಮಾಡಿ ಮತ್ತೆ ಮಾಡಿ. ಒಮ್ಮೆ ಪ್ರಶ್ನಾರ್ಥಕವಾಗಿ ಉಳಿಸಿದ ಪಠ್ಯದಿಂದ ಕನ್ನಡ ವಾಪಸು ಬರದು, ಹಾಗಾಗಿ ಮೂಲ ಕಡತ ಅಳಿಸಬೇಡಿ.

ಹೋಸ್ಟಿಂಗ್ ಕೊಳ್ಳುವಾಗ ಕೇಳಬೇಕಾದವು ಇಷ್ಟು: ಪಿಎಚ್‌ಪಿಯ ಯಾವ ಆವೃತ್ತಿ (ಡ್ರೂಪಲ್ 11ಕ್ಕೆ 8.3 ಬೇಕು), ಎಸ್‌ಎಸ್‌ಎಚ್ ಇದೆಯೇ, ಎರಡನೆಯ ವರ್ಷದ ನವೀಕರಣ ದರ ಎಷ್ಟು, ಕಡತ ಏರಿಸುವ ಮಿತಿ ಎಷ್ಟು. ಪಿಎಚ್‌ಪಿ ತಾನಾಗಿ ಇಟ್ಟಿರುವ ಮಿತಿ 2 ಎಂಬಿ. ಹಳೆಯ ಸಂಚಿಕೆಯ ಪಿಡಿಎಫ್ ಏರದೆ ಸುಮ್ಮನೆ ನಿಂತರೆ ಕಾರಣ ಬಹುಪಾಲು ಅದೇ. ಡೊಮೈನ್ ಮಾತ್ರ ತಾಣ ಕಟ್ಟಿಕೊಡುವವರ ಹೆಸರಲ್ಲಿ ಅಲ್ಲ, ಸಂಸ್ಥೆಯ ಹೆಸರಲ್ಲೇ, ಸಂಸ್ಥೆಯ ಇಮೇಲ್‌ನಲ್ಲೇ ನೋಂದಣಿಯಾಗಿರಲಿ.

ಆಯ್ಕೆ ಮುಗಿದ ದಿನ, ಮೊದಲ ಲೇಖನ ಹಾಕುವ ಮುಂಚೆ, ವಿಳಾಸದ ಮಾದರಿ ಗೊತ್ತುಮಾಡಿಕೊಳ್ಳಿ. ವರ್ಡ್‌ಪ್ರೆಸ್‌ನಲ್ಲಿ ಅದು ಪರ್ಮಾಲಿಂಕ್ ಪುಟದಲ್ಲಿದೆ. ವರ್ಷ ಮತ್ತು ಚಿಕ್ಕ ಹೆಸರು ಸಾಕು, ದಿನಾಂಕ ಪೂರ್ತಿ ಬೇಡ, ವಿಭಾಗದ ಹೆಸರೂ ಬೇಡ. ವಿಭಾಗಗಳು ಬದಲಾಗುತ್ತಲೇ ಇರುತ್ತವೆ. ಐನೂರು ಲೇಖನ ಏರಿಸಿ, ಕೊಂಡಿಗಳು ಎಲ್ಲೆಡೆ ಹಂಚಿಹೋದ ಮೇಲೆ ಇದನ್ನು ಬದಲಿಸಿದರೆ ಹಳೆಯ ಪ್ರತಿ ವಿಳಾಸದಿಂದ ಹೊಸದಕ್ಕೆ 301 ಮರುನಿರ್ದೇಶನ (ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸೂಚನೆ) ಬರೆಯುತ್ತಾ ಕೂರಬೇಕಾಗುತ್ತದೆ.